ಚಾಪೆ ಮೇಲೆ ಮಲಗಿ ನೋಡಿ, ಆಮೇಲೆ ಲೈಟ್ ಕೊಳ್ಳಿ

ಪ್ರಶ್ನೆ: ನಮ್ಮ ಚರ್ಚಿನ ಹಳೇ ಹೆಂಚಿನ ಹಾಲ್‌ನಲ್ಲಿ ಶಿಶುವಿಹಾರ ನಡೆಸುತ್ತಿದ್ದೇವೆ. ಹಾಲ್ 20 ಅಡಿ ಉದ್ದ, 12 ಅಡಿ ಅಗಲ. ವಾರದ ದಿನಗಳಲ್ಲಿ ತೋಟದ ಕೆಲಸಕ್ಕೆ ಹೋಗುವವರ ಮಕ್ಕಳಿರುತ್ತಾರೆ, ಭಾನುವಾರ ಬಲಿಪೂಜೆಯ ಹೊತ್ತಿಗೆ ಕೈಗೂಸುಗಳೂ ಬರುತ್ತವೆ. ಆರು ಹಳೇ ಟ್ಯೂಬ್‌ಲೈಟ್‌ಗಳಿವೆ. ಮಳೆಗಾಲದಲ್ಲಿ ಮಿಣುಕುತ್ತವೆ, ಬಿಲ್ಲೂ ಹೆಚ್ಚು. ಅಂಗಡಿಯಲ್ಲಿ ‘ಜಾಸ್ತಿ ವಾಟ್‌ನ ಬಿಳಿ ಎಲ್‌ಇಡಿ ಹಾಕಿಬಿಡಿ’ ಎಂದರು. ಸರಿಯೇ?
– ಚರ್ಚ್ ಮಹಿಳಾ ಸಂಘದ ಸದಸ್ಯೆ, ಮೂಡಿಗೆರೆ

ಉತ್ತರ: ಎಲ್‌ಇಡಿ ಸರಿ, ‘ಜಾಸ್ತಿ ವಾಟ್, ಬಿಳಿ’ ಸರಿಯಲ್ಲ. ಮೊದಲು ತೊಟ್ಟಿಲಿಡುವ ಜಾಗದಲ್ಲಿ ಚಾಪೆ ಹಾಸಿ, ಅಂಗಾತ ಮಲಗಿ ಎರಡು ನಿಮಿಷ ಮೇಲೆ ನೋಡಿ. ನಾವು ದೊಡ್ಡವರು ಲೈಟನ್ನೇ ದಿಟ್ಟಿಸುವುದಿಲ್ಲ, ಬೆಳಕು ಬಿದ್ದದ್ದನ್ನು ನೋಡುತ್ತೇವೆ. ಮಗ್ಗುಲಾಗಲೂ ಬಾರದ ಕೂಸಿನ ಕಣ್ಣೆದುರು ಇರುವುದು ಸೂರು ಮಾತ್ರ. ಎಳೆಗಣ್ಣಿನ ಮಸೂರ ತಿಳಿಯಾಗಿರುವುದರಿಂದ ನೀಲಿ ಬೆಳಕು ದೊಡ್ಡವರಿಗಿಂತ ಹೆಚ್ಚಾಗಿ ಒಳಗೆ ಹೋಗುತ್ತದೆ. ಹಾಗಾಗಿ ತೊಟ್ಟಿಲ ನೆತ್ತಿಯ ಮೇಲೆ ಯಾವ ಲೈಟೂ ಬೇಡ.

ಹಾಲ್ ಅನ್ನು ಎರಡು ಭಾಗ ಮಾಡಿಕೊಳ್ಳಿ: ಆಟಕ್ಕೆ 14 ಅಡಿ, ತೊಟ್ಟಿಲಿಗೆ 6 ಅಡಿ. ಆಟ, ಚಿತ್ರ ಬಿಡಿಸುವುದಕ್ಕೆ 300 ಲಕ್ಸ್ ಬೆಳಕು ಸಾಕು; ಅಂದರೆ ಒಂದು ಚದರ ಮೀಟರಿಗೆ 300 ಲ್ಯೂಮೆನ್ (ಲ್ಯೂಮೆನ್ ಎಂದರೆ ದೀಪ ಕೊಡುವ ಬೆಳಕಿನ ಅಳತೆ). ಆಟದ ಜಾಗ ಸುಮಾರು 15.6 ಚದರ ಮೀಟರ್. ಅಂದರೆ ನೆಲದ ಮಟ್ಟದಲ್ಲಿ 4,700 ಲ್ಯೂಮೆನ್ ಬೇಕು. ಗೋಡೆ, ಸೂರು, ದೂಳು ಅರ್ಧದಷ್ಟನ್ನು ನುಂಗುತ್ತವೆ ಎಂದು ಲೆಕ್ಕ ಹಿಡಿದರೆ 9,400. ನಾಲ್ಕಡಿಯ 20 ವಾಟ್ ಎಲ್‌ಇಡಿ ಬ್ಯಾಟನ್ (ಪಟ್ಟಿಯಾಕಾರದ ದೀಪ) ಒಂದರಿಂದ ಸುಮಾರು 2,000 ಲ್ಯೂಮೆನ್ ಸಿಗುತ್ತದೆ. ಐದು ಹಾಕಿ: ಎರಡು ಸಾಲಿನಲ್ಲಿ ನಾಲ್ಕು, ಚಿತ್ರ ಬಿಡಿಸುವ ಮೇಜಿನ ಮೇಲೊಂದು. ಕಪ್ಪಿಟ್ಟ ಹೆಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ; ಆದ್ದರಿಂದ ಸೂರಿಗೆ ಅಂಟಿಸದೆ, ಪೈಪಿನಲ್ಲಿ ನೆಲದಿಂದ ಒಂಬತ್ತಡಿ ಎತ್ತರಕ್ಕೆ ಇಳಿಸಿ. ಗೋಡೆಗೆ ಹೊಳಪಿಲ್ಲದ ಕೆನೆ ಬಣ್ಣ ಹೊಡೆಸಿ. ಆಯಿಲ್ ಪೇಂಟ್ ಬೇಡ, ಅದು ಕನ್ನಡಿಯಂತೆ ಕಣ್ಣಿಗೆ ಹೊಡೆಯುತ್ತದೆ.

ತೊಟ್ಟಿಲ ಭಾಗಕ್ಕೆ ಎರಡಡಿಯ 10 ವಾಟ್ ಬ್ಯಾಟನ್ ಎರಡು. ಗೋಡೆಯ ಮೇಲೆ ಏಳಡಿ ಎತ್ತರಕ್ಕೆ ಕೂರಿಸಿ, ಮುಂದೆ ಆರಿಂಚಿನ ಮರದ ಹಲಗೆ ಅಡ್ಡ ಕೊಡಿ. ಬೆಳಕು ಗೋಡೆಗೆ ಬಡಿದು ಬರಬೇಕು, ಬಲ್ಬು ಕಾಣಕೂಡದು. ಹಲಗೆ ಹೊಡೆಸಿದ ಮೇಲೆ ಮತ್ತೊಮ್ಮೆ ಚಾಪೆಯ ಮೇಲೆ ಮಲಗಿ ನೋಡಿ.

ಒಟ್ಟು 120 ವಾಟ್. ಹಳೇ ಟ್ಯೂಬ್ ಒಂದೊಂದೂ ತಾಮ್ರದ ಚೋಕ್ ಸೇರಿ ಸುಮಾರು 50 ವಾಟ್ ಎಳೆಯುತ್ತದೆ, ಆರಕ್ಕೆ 300. ದಿನಕ್ಕೆ ಎಂಟು ಗಂಟೆಯಂತೆ 25 ದಿನ ಉರಿಸಿದರೆ ತಿಂಗಳಿಗೆ 36 ಯೂನಿಟ್ ಉಳಿಯುತ್ತದೆ. ಕಿಟಕಿ ಕಡೆಯ ಸಾಲು, ಒಳಗಿನ ಸಾಲು, ಮೇಜು, ತೊಟ್ಟಿಲು, ನಾಲ್ಕಕ್ಕೂ ಬೇರೆ ಬೇರೆ ಸ್ವಿಚ್ ಕೊಟ್ಟರೆ ಇನ್ನಷ್ಟು ಉಳಿತಾಯ. ಒಂದು ಸ್ವಿಚ್‌ಗೆ ಎಲ್ಲವನ್ನೂ ಕಟ್ಟಿದರೆ ಬಿಸಿಲಿದ್ದರೂ ಎಲ್ಲವೂ ಉರಿಯುತ್ತವೆ. ಹೆಂಚಿನ ಸೂರು ನಿಮಗೆ ವರವೂ ಹೌದು: ಆಟದ ಜಾಗದ ಮೇಲೆ ಐದಾರು ಗಾಜಿನ ಹೆಂಚು ಹಾಕಿಸಿ. ಹಗಲಲ್ಲಿ ಎಷ್ಟೋ ಹೊತ್ತು ಲೈಟೇ ಬೇಕಾಗುವುದಿಲ್ಲ.

ಬಣ್ಣವನ್ನು ಸಂಖ್ಯೆಯಿಂದಲೇ ಕೇಳಿ; ಸಂಖ್ಯೆ ಇಳಿದಷ್ಟೂ ಬೆಳಕು ಹಳದಿಯತ್ತ ತಿರುಗುತ್ತದೆ. ಅಂಗಡಿಯವರು ತೆಗೆದುಕೊಡುವುದು ಸಾಮಾನ್ಯವಾಗಿ 6500 ಕೆಲ್ವಿನ್, ಅದರಲ್ಲಿ ನೀಲಿ ಹೆಚ್ಚು. ಆಟಕ್ಕೆ 4000, ತೊಟ್ಟಿಲಿಗೆ 3000 ತನ್ನಿ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು 3000ಕ್ಕೆ ಕಡಿಮೆ ಬರುತ್ತವೆ. ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ) ಕನಿಷ್ಠ 80, ಸಿಕ್ಕರೆ 90. ಇದರಲ್ಲಿ ಕಾಸು ಉಳಿಸಬೇಡಿ: ಮೈ ಹಳದಿಯಾಗಿದೆಯೇ, ತುಟಿ ನೀಲಿಗಟ್ಟಿದೆಯೇ ಎಂಬುದು ಆಯಾಗೆ ತಕ್ಷಣ ಕಾಣಬೇಕು. ಕವರ್ ಹಾಲುಬಣ್ಣದ ಪಾಲಿಕಾರ್ಬೊನೇಟ್ ಇರಲಿ, ಗಾಜು ಬೇಡ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಉರಿಸಿ, ಅದರಡಿ ಒಂದು ಪೆನ್ಸಿಲ್ ಹಿಡಿದು ಬೀಸಣಿಗೆಯಂತೆ ಬೇಗಬೇಗ ಆಡಿಸಿ. ಮಂಜುಮಂಜಾಗಿ ಒಂದೇ ಪಟ್ಟಿಯಾಗಿ ಕಂಡರೆ ಒಳ್ಳೆಯದು. ಹತ್ತಾರು ಪೆನ್ಸಿಲ್ ಬಿಡಿಬಿಡಿಯಾಗಿ ಕಂಡರೆ ಆ ಲೈಟ್ ಸೆಕೆಂಡಿಗೆ ನೂರು ಬಾರಿ ಮಿಣುಕುತ್ತಿದೆ. ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಒಳಗಿನ ಸರ್ಕ್ಯೂಟ್) ಅಗ್ಗದ್ದು, ಬಿಟ್ಟುಬಿಡಿ. ಪೆಟ್ಟಿಗೆಯ ಮೇಲೆ 140ರಿಂದ 300 ವೋಲ್ಟ್‌ನಂಥ ವ್ಯಾಪ್ತಿ, 4 ಕಿಲೋವೋಲ್ಟ್ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ರಕ್ಷಣೆ ಬರೆದಿದೆಯೇ ನೋಡಿ. ಮಲೆನಾಡಿನ ವೋಲ್ಟೇಜಿಗೂ ಏಪ್ರಿಲ್–ಮೇ ಸಿಡಿಲಿಗೂ ಇದು ಬೇಕೇ ಬೇಕು.

ಹಳೇ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವ ಅಗ್ಗದ ದಾರಿ ಹಿಡಿಯಬೇಡಿ. ಚೋಕ್ ತೆಗೆಯದಿದ್ದರೆ ಎಷ್ಟೋ ಟ್ಯೂಬ್‌ಗಳು ಮಿಣುಕಿ ಕೆಡಬಹುದು. ಎರಡೂ ತುದಿಗೆ ಕರೆಂಟ್ ಬರುವ ಟ್ಯೂಬ್‌ನಲ್ಲಿ ಒಂದು ತುದಿ ಸಿಕ್ಕಿಸಿದಾಗ ಇನ್ನೊಂದು ತುದಿಯ ಪಿನ್ ಶಾಕ್ ಹೊಡೆಯಬಹುದು.

ಎಲೆಕ್ಟ್ರಿಷಿಯನ್‌ಗೆ ಮೂರು ಮಾತು ಹೇಳಿ. ಸ್ವಿಚ್ ಫೇಸ್ ವೈರಿನಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿದ್ದರೆ ಆಫ್ ಮಾಡಿದರೂ ಎಲ್‌ಇಡಿ ಮಂದವಾಗಿ ಉರಿಯುತ್ತದೆ, ಫಿಟ್ಟಿಂಗ್‌ನಲ್ಲಿ ಕರೆಂಟೂ ಉಳಿಯುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಬೇಕು. ಒಳಗೆ ಶಟರ್ ಇರುವ ಸಾಕೆಟ್ಟೇ ಬೇಕು. ತೂತಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳನ್ನು ನಂಬಬೇಡಿ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಶಿಶುವಿಹಾರಕ್ಕೆ ಒಬ್ಬರು ನಕ್ಷತ್ರದಾಕಾರದ ಪುಟ್ಟ ಬ್ಯಾಟರಿ ದೀಪಗಳನ್ನು ಕೊಟ್ಟಿದ್ದಾರೆ. ಮಕ್ಕಳ ಪಕ್ಕ ಇಡಬಹುದೇ? ತೆಗೆದ ಟ್ಯೂಬ್‌ಲೈಟ್‌ಗಳನ್ನು ಏನು ಮಾಡುವುದು?
– ಓದುಗರು, ಹಾಸನ

ಉತ್ತರ: ದೀಪ ತಿರುಗಿಸಿ ನೋಡಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮಕ್ಕಳಿರುವ ಕೋಣೆಗೇ ತರಬೇಡಿ. ಒಳಗಿರುವ ಬಟನ್ ಸೆಲ್ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಓಡಿ.

ಟ್ಯೂಬ್‌ಗಳಲ್ಲಿ ಪಾದರಸವಿದೆ. ಮಕ್ಕಳಿಲ್ಲದ ದಿನ ಇಳಿಸಿ, ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಧಿಕೃತ ಇ–ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ, ತಿಪ್ಪೆಗೆ ಎಸೆಯಬೇಡಿ. ಒಂದು ಒಡೆದರೆ ಕಿಟಕಿ ತೆರೆದು ಎಲ್ಲರೂ ಕಾಲು ಗಂಟೆ ಹೊರಗಿರಿ. ಪೊರಕೆ ಹಿಡಿದರೆ ಪುಡಿ ಹರಡುತ್ತದೆ. ದಪ್ಪ ಕಾಗದದಿಂದ ಚೂರು ಎತ್ತಿ, ಉಳಿದ ಪುಡಿಯನ್ನು ಅಂಟು ಟೇಪಿಗೆ ಹತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. ಪುಡಿ ಬಿದ್ದ ಚಾಪೆಯನ್ನು ಮತ್ತೆ ಮಕ್ಕಳಿಗೆ ಹಾಸಬೇಡಿ.