ಓದುಗರ ಪ್ರಶ್ನೆ: ಟೇಲರ್ ಸ್ವಿಫ್ಟ್ ಕವಿಯೋ, ಬರೀ ಪ್ರಚಾರವೋ?

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳು ಮೂರು ಹೊತ್ತೂ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಹಾಡು ಕೇಳುತ್ತಾಳೆ. ಒಬ್ಬ ವಿಮರ್ಶಕರು ಈಕೆ ದೊಡ್ಡ ಕವಿ ಅಂತಾರೆ. ಇನ್ನೊಬ್ಬರು ಎಲ್ಲವೂ ಪ್ರಚಾರ ಅಂತಾರೆ. ಯಾರನ್ನು ನಂಬೋದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಪಕ್ಕಕ್ಕಿಡಿ. ಮಗಳ ಜೊತೆ ಕೂತು ‘ಫೋಕ್‌ಲೋರ್’ ಕೇಳಿ. 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ ಬಂದ ಆಲ್ಬಂ. ಅದರಲ್ಲಿ ‘ಕಾರ್ಡಿಗನ್’, ‘ಆಗಸ್ಟ್’, ‘ಬೆಟ್ಟಿ’ ಎಂಬ ಮೂರು ಹಾಡುಗಳಿವೆ. ಹದಿಹರೆಯದ ಮೂವರ ನಡುವೆ ನಡೆದ ಒಂದೇ ಕಥೆ, ಮೂವರ ಬಾಯಲ್ಲಿ. ಮೋಸ ಹೋದ ಹುಡುಗಿ ಒಂದರಲ್ಲಿ ಹಾಡುತ್ತಾಳೆ, ತಪ್ಪು ಮಾಡಿದ ಹುಡುಗ ಇನ್ನೊಂದರಲ್ಲಿ ಕ್ಷಮೆ ಕೇಳುತ್ತಾನೆ. ನನಗೆ ಜಾಸ್ತಿ ಇಷ್ಟ ‘ಆಗಸ್ಟ್’. ನಡುವೆ ಬಂದವಳು ಅಂತ ಎಲ್ಲರೂ ಬೈಯುವ ಆ ಇನ್ನೊಬ್ಬ ಹುಡುಗಿಗೂ ಒಂದು ಹಾಡು ಕೊಟ್ಟಿದ್ದಾರಲ್ಲ, ಅದು ಕವಿ ಮಾಡುವ ಕೆಲಸ. ಈ ಆಲ್ಬಂ, ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯಲ್ಲಿ ‘ವರ್ಷದ ಆಲ್ಬಂ’ ಗೌರವ ಪಡೆದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಇನ್ನು ವಿಮರ್ಶಕರ ವಿಷಯ. ಅವರಲ್ಲಿ ಹಲವರು ಬಹಳ ಕಾಲ ಹಾಡನ್ನು ಬಿಟ್ಟು, ಅದನ್ನು ಕೇಳುವ ಹುಡುಗಿಯರನ್ನು ನೋಡಿ ತೀರ್ಪು ಕೊಟ್ಟರು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2010ರಲ್ಲಿ, 20ನೇ ವಯಸ್ಸಿಗೇ, ‘ಫಿಯರ್‌ಲೆಸ್’ಗಾಗಿ ಆಕೆ ಇದೇ ಪ್ರಶಸ್ತಿ ಗೆದ್ದಿದ್ದರು. ಆದರೂ ಈ ಹಾಡುಗಳನ್ನು ಬರೆದದ್ದು ಆಕೆಯೇನಾ ಎಂಬ ಅನುಮಾನ ಹೋಗಲಿಲ್ಲ. ಅದೇ ವರ್ಷ ‘ಸ್ಪೀಕ್ ನೌ’ ಬಂತು. ಮೂಲ ಆಲ್ಬಮ್ಮಿನ ಅಷ್ಟೂ ಹಾಡುಗಳನ್ನು ಒಬ್ಬರೇ ಬರೆದಿದ್ದರು. 2014ರಲ್ಲಿ ‘1989’ ಬಂದಾಗ ಸಂಗೀತ ವಿಮರ್ಶೆಗೆ ಹೆಸರಾದ ಪಿಚ್‌ಫೋರ್ಕ್ ಅದರ ಬಗ್ಗೆ ವಿಮರ್ಶೆಯನ್ನೇ ಬರೆಯಲಿಲ್ಲ. ಮರುವರ್ಷ ರಯಾನ್ ಆಡಮ್ಸ್ ಎಂಬ ಗಾಯಕ ಅದೇ ಹಾಡುಗಳನ್ನು ತಮ್ಮ ಧಾಟಿಯಲ್ಲಿ ಹಾಡಿ ಆಲ್ಬಂ ಮಾಡಿದರು. ಅದಕ್ಕೆ ಮಾತ್ರ ವಿಮರ್ಶೆ ಬಂತು! ಬರೆದವಳ ಆಲ್ಬಮ್ಮಿಗೆ ಸರದಿ ಬಂದದ್ದು 2019ರಲ್ಲಿ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಹಾಗಂತ ಆಕೆ ಬರೆದದ್ದೆಲ್ಲ ಚಿನ್ನ ಅಲ್ಲ. 2024ರ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಕೊನೆಗೆ 31 ಹಾಡುಗಳಷ್ಟು ಬೆಳೆಯಿತು. ಅರ್ಧ ಕೈಬಿಟ್ಟಿದ್ದರೆ ಒಳ್ಳೆಯ ಆಲ್ಬಂ ಆಗುತ್ತಿತ್ತು. ರಾಗಗಳು ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ. ಪೇಸ್ಟ್ ಪತ್ರಿಕೆ ಅದನ್ನು ಕಟುವಾಗಿ ಟೀಕಿಸಿತು, ಆದರೆ ಬರೆದವರ ಹೆಸರು ಹಾಕಲಿಲ್ಲ. 2019ರಲ್ಲಿ ಆಕೆಯ ‘ಲವರ್’ ಆಲ್ಬಮ್ಮಿನ ವಿಮರ್ಶೆ ಬರೆದವರಿಗೆ ಬೆದರಿಕೆಗಳು ಬಂದಿದ್ದವು ಅನ್ನೋದೇ ಕಾರಣ. ಹಾಡು ಹಿಡಿಸಲಿಲ್ಲ ಅಂದವರನ್ನು ಹೆದರಿಸೋದು ಅಭಿಮಾನ ಅಲ್ಲ. ಇದನ್ನೂ ಮಗಳ ಜೊತೆ ಮಾತಾಡಿ.

ಪ್ರಶ್ನೆ: ಟೇಲರ್ ಸ್ವಿಫ್ಟ್ ಹಾಡು ‘ಆಲ್ ಟೂ ವೆಲ್’ ಚಿಕ್ಕದು ಚೆನ್ನಾ, 10 ನಿಮಿಷದ್ದು ಚೆನ್ನಾ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ನನಗೆ ಚಿಕ್ಕದು. 2012ರ ‘ರೆಡ್’ ಆಲ್ಬಮ್ಮಿನಲ್ಲಿ ಗೀತರಚನೆಕಾರ್ತಿ ಲಿಜ್ ರೋಸ್ ಜೊತೆ ಸೇರಿ ಬರೆದ ಹಾಡು ಅದು. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಿಡುಗಡೆ ಆಗಲಿಲ್ಲ. ಆದರೂ ಕೇಳಿದವರು ಬಿಡಲಿಲ್ಲ, ವಿಮರ್ಶಕರೂ ಆಕೆಯ ಅತ್ಯುತ್ತಮ ಹಾಡು ಇದೇ ಅಂತ ಬರೆಯುತ್ತಾ ಹೋದರು. 2021ರಲ್ಲಿ ಉದ್ದನೆಯದು ಬಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೇರಿತು. ಆ ಸ್ಥಾನ ಪಡೆದ ಹಾಡುಗಳಲ್ಲಿ ಅತಿ ಉದ್ದದ್ದು ಅದೇ. ಉದ್ದದ್ದರಲ್ಲಿ ಸಿಟ್ಟು ಜಾಸ್ತಿ, ವಿವರ ಜಾಸ್ತಿ. ಹುಟ್ಟುಹಬ್ಬದ ದಿನ ಪ್ರಿಯಕರ ಬರಲಿಲ್ಲ, ಮಗಳು ಬಾಗಿಲು ನೋಡುತ್ತಲೇ ಇರೋದನ್ನು ಅಪ್ಪ ನೋಡುತ್ತಾರೆ. ಆ ಭಾಗ ಅದ್ಭುತ. ಆದರೆ ಚಿಕ್ಕದರಲ್ಲಿ ದನಿ ಮೆಲ್ಲಗೆ ಏರಿ ಒಮ್ಮೆಲೇ ಒಡೆಯುತ್ತದಲ್ಲ, ಆ ಏರು ಉದ್ದದ್ದರಲ್ಲಿ ಹರಡಿಹೋಗಿದೆ. ಎರಡನ್ನೂ ಕೇಳಿ, ಆದರೆ 2012ರದ್ದನ್ನು ಮೊದಲು.