ಲೆಕ್ಕದಲ್ಲಿ ಕಬ್ಬಿಣ ಇದೆ, ರಕ್ತದಲ್ಲಿ ಇಲ್ಲ!

ಪ್ರಶ್ನೆ: ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಆಹಾರ ಮತ್ತು ಆರೋಗ್ಯದ ಪತ್ರಿಕೆ ಇದೆ. ಮನೆಯವರೊಬ್ಬರು ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನೆಲ್ಲ ಬರೆದು, ಪೋಷಕಾಂಶ ಲೆಕ್ಕ ಹಾಕಿ ತನ್ನಿ ಎಂದಿದ್ದರು. ಅಮ್ಮನದು ಬರೆದೆ: ಬೆಳಿಗ್ಗೆ ಒಗ್ಗರಣೆ ಅವಲಕ್ಕಿ (ಒಣಗಿದ್ದು 100 ಗ್ರಾಂ), ಕಾಫಿ, ಮಧ್ಯಾಹ್ನ ಅನ್ನ, ಬಸಳೆ ಹುಳಿ, ಮಜ್ಜಿಗೆ, ಸಂಜೆ ಚಹಾ, ರಾತ್ರಿ ಅನ್ನ, ಸಾರು, ಅಪ್ಪೆಮಿಡಿ. ಕಬ್ಬಿಣ 38 ಮಿ.ಗ್ರಾಂ. ಬಂತು. ಅಮ್ಮನ ಹಿಮೋಗ್ಲೋಬಿನ್ ಮಾತ್ರ 9.4. ಕಲಿತದ್ದೇ ಸುಳ್ಳೇ?
– ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಲಿತದ್ದು ಸುಳ್ಳಲ್ಲ, ಲೆಕ್ಕಕ್ಕೆ ನೀವು ನೋಡಿದ ಪೋಷಕಾಂಶ ಕೋಷ್ಟಕ ಹಳೆಯದು. ಹಳೆಯ ಕೋಷ್ಟಕಗಳಲ್ಲಿ 100 ಗ್ರಾಂ ಅವಲಕ್ಕಿಗೆ 20 ಮಿ.ಗ್ರಾಂ. ಕಬ್ಬಿಣ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ ಅದು ಸುಮಾರು 4.5. ಇದೊಂದನ್ನು ತಿದ್ದಿದರೇ 38 ಇದ್ದದ್ದು 23ರ ಹತ್ತಿರಕ್ಕೆ ಇಳಿಯುತ್ತದೆ. ಅದೇ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಬೇಕು.

ಅನ್ನವನ್ನು ಹೇಗೆ ತೂಗಿದಿರಿ? ಕೋಷ್ಟಕದ ಅಂಕಿ ಹಸಿ ಅಕ್ಕಿಯದು. 100 ಗ್ರಾಂ ಅಕ್ಕಿ ಬೆಂದರೆ 250ರಿಂದ 300 ಗ್ರಾಂ ಅನ್ನ. ಬಟ್ಟಲ ಅನ್ನದ ತೂಕವನ್ನೇ ಬರೆದರೆ ಕ್ಯಾಲೊರಿ ಸುಮಾರು ಮೂರು ಪಟ್ಟಾಗುತ್ತದೆ. ಅಕ್ಕಿಯನ್ನು ಹಾಕುವ ಮೊದಲೊಮ್ಮೆ, ಅನ್ನವಾದ ಮೇಲೊಮ್ಮೆ ತೂಗಿ, ನಿಮ್ಮ ಮನೆಯ ಅನುಪಾತ ಕಂಡುಕೊಳ್ಳಿ. "ಏನು ತಿಂದಿರಿ" ಎಂದಷ್ಟೇ ಕೇಳಿದರೆ ಊಟ ತಿಂಡಿ ಬಿಟ್ಟು ಬೇರೆ ಹೇಳುವುದಿಲ್ಲ. "ಅಡಿಕೆ ಸುಲಿಯುವಾಗ ಬಾಯಿಗೆ ಏನು ಹಾಕಿಕೊಂಡಿರಿ" ಎಂದು ಕೇಳಿ.

ಇನ್ನು ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಅನ್ನ, ಸೊಪ್ಪು, ಬೇಳೆಯ ಕಬ್ಬಿಣದಲ್ಲಿ ಮೈಗೆ ಹಿಡಿಯುವುದು ನೂರಕ್ಕೆ ಎಂಟರ ಆಸುಪಾಸು, ಅದೂ ಕಾಫಿ ಚಹಾ ಅಡ್ಡ ಬರದಿದ್ದರೆ. ಅವುಗಳ ಒಗರು ಅಂಶ ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಮಲೆನಾಡಿನವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನಮಗಿಲ್ಲ. ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಸಾಕು. ಅವಲಕ್ಕಿಗೆ ನಿಂಬೆಹಣ್ಣು ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ, ಆದರೆ ಬಿಸಿಗೆ ಹಾಳಾಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಸಿಗದ ಕಾರಣವೂ ಇದ್ದೀತು. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕೆ ಹೋಗುವವರಿಗೆ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಹೊಕ್ಕು, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ತಿಂಗಳ ಸ್ರಾವ ಹೆಚ್ಚಿದ್ದರೂ ಹೀಗೇ. ಆದ್ದರಿಂದ ವೈದ್ಯರಲ್ಲಿ ಮಲಪರೀಕ್ಷೆ, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಪರೀಕ್ಷೆಗಳ ಬಗ್ಗೆ ಕೇಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ, 9.4 ಇದ್ದಾಗ ಬರೀ ಬಸಳೆ ನಂಬಿ ಕೂರಬಾರದು, ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಅದನ್ನು ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು. ಮಲ ಕಪ್ಪಾದರೆ ಹೆದರಿ ನಿಲ್ಲಿಸುವವರೇ ಹೆಚ್ಚು. ಮಾತ್ರೆ ತಿನ್ನುವಾಗ ಅದು ಸಹಜ. ಹಿಮೋಗ್ಲೋಬಿನ್ ಸರಿಹೋದ ಮೇಲೂ ವೈದ್ಯರು ಹೇಳುವಷ್ಟು ತಿಂಗಳು ಮುಂದುವರಿಸಬೇಕು; ಮೈಯ ದಾಸ್ತಾನು ತುಂಬುವುದು ಆಮೇಲೆ.

ಪ್ರಶ್ನೆ: ಕಾಲೇಜಿನಲ್ಲಿ ಈ ವಿಷಯ ಓದುವ ಮಗಳು, ಸತ್ವವೆಲ್ಲ ಹೋಗುತ್ತದೆ ಎಂದು ಗಂಜಿತಿಳಿ ಬಸಿಯಲು ಬಿಡುವುದಿಲ್ಲ. ಅನ್ನ ಮುದ್ದೆಯಾಗುತ್ತದೆ. ಅವಳು ಹೇಳುವುದು ನಿಜವೇ?
– ಗೃಹಿಣಿ, ಸಾಗರ

ಉತ್ತರ: ಮಗಳ ಮಾತು ನಿಜ. ಬಿ1 ಜೀವಸತ್ವ ನೀರಿನಲ್ಲಿ ಕರಗುತ್ತದೆ. ಪಾಲಿಶ್ ಅಕ್ಕಿಯಲ್ಲಿ ಅದು ಮೊದಲೇ ಕಡಿಮೆ, ತಿಕ್ಕಿ ತೊಳೆದು ತಿಳಿಯನ್ನೂ ಚೆಲ್ಲಿದರೆ ಉಳಿಯುವುದು ಅಷ್ಟಕ್ಕಷ್ಟೇ. ಮೇಲೆ ಹೇಳಿದ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿ ಸಂಶೋಧನೆಗೆ. ಬಿ1 ಕೊರತೆಯ ಕಾಯಿಲೆ ಅದು. ಅಕ್ಕಿಯನ್ನು ಎರಡು ಸಲ ಹಗುರವಾಗಿ ತೊಳೆಯಿರಿ. ಕುಕ್ಕರಿಗೆ ಒಂದು ಲೋಟಕ್ಕೆ ಎರಡು ಲೋಟ ನೀರು, ಹಳೆ ಅಕ್ಕಿಯಾದರೆ ಎರಡೂವರೆ. ಹೊಸ ಅಕ್ಕಿಗೂ ಅಷ್ಟೇ ಹೊಯ್ದರೆ ಮುದ್ದೆಯಾಗದೆ ಇನ್ನೇನು? ಬಸಿದ ಅನ್ನವೇ ಬೇಕೆಂದರೆ ಬಸಿಯಿರಿ, ತಿಳಿಯನ್ನು ಸಾರಿಗೆ ಹಾಕಿ ಅಥವಾ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಿರಿ. ಕುಚ್ಚಲಕ್ಕಿಯಾದರೆ ಇಷ್ಟು ತಲೆಬಿಸಿ ಬೇಡ. ಭತ್ತವಾಗಿದ್ದಾಗಲೇ ಬೇಯಿಸುವುದರಿಂದ ಹೊರಪದರದ ಬಿ1 ಕಾಳಿನೊಳಕ್ಕೆ ಇಳಿದಿರುತ್ತದೆ.