ಟೆನಿಸ್ ಅಂಗಳ: ಎಂಟ್ರಿ ಲಿಸ್ಟ್ ನೋಡಿ ಆಟಗಾರರನ್ನು ಅಳೆಯುವುದು ಹೇಗೆ?

ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಪುರುಷರ ಟೂರ್ನಿಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಎಂ15, ಎಂ25 ಎಂದು ಕರೆಯುವ ಈ ಟೂರ್ನಿಗಳು ವೃತ್ತಿಪರ ಟೆನಿಸ್‌ನ ಮೊದಲ ಮೆಟ್ಟಿಲು. ಇವುಗಳ ಮೇಲೆ ಚಾಲೆಂಜರ್, ಅದರ ಮೇಲೆ ಎಟಿಪಿ (ವೃತ್ತಿಪರ ಪುರುಷ ಆಟಗಾರರ ಸಂಘ) ಟೂರ್.

ಟೂರ್ನಿಗೆ ಎರಡು ವಾರ ಮೊದಲು ನೋಡಿದ ಎಂಟ್ರಿ ಲಿಸ್ಟ್ ಎಂಬ ಪಟ್ಟಿಯಲ್ಲಿ ಒಳ್ಳೊಳ್ಳೆಯ ಹೆಸರುಗಳಿದ್ದವು. ಮುಖ್ಯ ಸುತ್ತು ಶುರುವಾದಾಗ ಅವರಲ್ಲಿ ಬಹಳ ಮಂದಿ ಇರಲೇ ಇಲ್ಲ. ಹೀಗೇಕೆ? (ವಿದ್ಯಾನಗರ, ದಾವಣಗೆರೆ)

ನೀವು ನೋಡಿದ್ದು ‘ಬರುತ್ತೇನೆ’ ಅಂದವರ ಪಟ್ಟಿ. ಟೂರ್ನಿ ನಡೆಯುವ ವಾರದ ಸೋಮವಾರದಿಂದ ಹಿಂದಕ್ಕೆ ಎಣಿಸಿದರೆ 18 ದಿನ ಮೊದಲಿನ ಗುರುವಾರ ಹೆಸರು ಕೊಡಲು ಕೊನೆಯ ದಿನ. ನಮ್ಮ ಸಮಯದಲ್ಲಿ ಸಂಜೆ 7.30ಕ್ಕೆ ಬಾಗಿಲು ಮುಚ್ಚುತ್ತದೆ. ಆದರೆ ಒಬ್ಬ ಆಟಗಾರ ಅದೇ ವಾರದ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮ ಹಾಕಿ ಹೆಸರು ಕೊಡಬಹುದು. ಮೇಲಿನ ಆದ್ಯತೆಯ ಕಡೆ ಜಾಗ ಸಿಕ್ಕಿತೋ, ಇಲ್ಲಿಂದ ಹೆಸರು ಹೋಯಿತು. ದಂಡವಿಲ್ಲದೆ ಹಿಂದೆ ಸರಿಯಲು 13 ದಿನ ಮೊದಲಿನ ಮಂಗಳವಾರದವರೆಗೆ ಅವಕಾಶ ಇದೆ. ಆದ್ದರಿಂದ ಆ ಮಂಗಳವಾರ ರಾತ್ರಿ ಕಳೆಯುವವರೆಗೆ ಪಟ್ಟಿಯನ್ನು ನಂಬಿ ಏನನ್ನೂ ಬರೆಯಬೇಡಿ, ಯಾರಿಗೂ ಹೇಳಬೇಡಿ.

ಆಮೇಲೂ ಒಂದು ಸೋರಿಕೆ ಇರುತ್ತದೆ. ಪಟ್ಟಿಯ ಮೊದಲ ಐದಾರು ಮಂದಿಯ ಹೆಸರು ಅದೇ ವಾರದ ಯಾವುದಾದರೂ ಚಾಲೆಂಜರ್‌ನ ಅರ್ಹತಾ ಸುತ್ತಿನ ಕಾಯುವ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಅವರು ಇಲ್ಲಿಗೆ ಬರುವುದು ಅರ್ಧ ಮನಸ್ಸಿನಿಂದ. ಫೆಬ್ರುವರಿ ಸುಮಾರಿಗೆ ಚೆನ್ನೈ, ಬೆಂಗಳೂರು, ಪುಣೆ ಕಡೆ ಚಾಲೆಂಜರ್‌ಗಳು ಸಾಲಾಗಿ ಬಂದಾಗ ಸಣ್ಣ ಊರಿನ ಟೂರ್ನಿಗಳ ತಲೆಭಾಗ ತೆಳ್ಳಗಾಗುವುದು ಇದರಿಂದಲೇ. ಅಂಥ ವಾರಗಳಲ್ಲಿ ಕಾಯುವ ಪಟ್ಟಿಯ ಮೊದಲ ಹತ್ತು ಹೆಸರುಗಳನ್ನೂ ಓದಿಕೊಂಡಿರಿ. ಅವರಲ್ಲಿ ಹಲವರು ಒಳಗೆ ಬರುತ್ತಾರೆ.

ಹೆಸರಿನ ಪಕ್ಕದಲ್ಲಿ ಡಬ್ಲ್ಯುಸಿ, ಪಿಆರ್, ಜೆಆರ್, ಎಲ್‌ಎಲ್ ಎಂದೆಲ್ಲ ಇರುತ್ತದೆ. ಏನರ್ಥ? (ಪಿ.ಜೆ. ಬಡಾವಣೆ, ದಾವಣಗೆರೆ)

ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 32 ಜಾಗ. ಅದರಲ್ಲಿ 8 ಅರ್ಹತಾ ಸುತ್ತಿನಿಂದ ಗೆದ್ದು ಬಂದವರಿಗೆ, 4 ವೈಲ್ಡ್ ಕಾರ್ಡ್‌ಗೆ, ಅಂದರೆ ಡಬ್ಲ್ಯುಸಿ. ವೈಲ್ಡ್ ಕಾರ್ಡ್ ಕೊಡುವುದು ಆತಿಥೇಯರು, ಸಾಮಾನ್ಯವಾಗಿ ರಾಜ್ಯದ ಅಥವಾ ದೇಶದ ಎಳೆಯ ಆಟಗಾರರಿಗೆ. ಉಳಿದ ಜಾಗ ರ‍್ಯಾಂಕಿಂಗ್ ಪ್ರಕಾರ: ಮೊದಲು ಎಟಿಪಿ, ನಂತರ ಐಟಿಎಫ್, ಕೊನೆಗೆ ರಾಷ್ಟ್ರೀಯ ರ‍್ಯಾಂಕಿಂಗ್. ಜೆಆರ್ ಎಂದರೆ ಐಟಿಎಫ್ ಜೂನಿಯರ್ ಪಟ್ಟಿಯ ಮೊದಲ 100ರೊಳಗಿನ ಹುಡುಗರಿಗೆ ಮೀಸಲಾದ ಜಾಗ. ಎಲ್‌ಎಲ್ ಎಂದರೆ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಸೋತರೂ, ಯಾರೋ ಹಿಂದೆ ಸರಿದದ್ದರಿಂದ ಒಳಬಂದವನು.

ಇವೆಲ್ಲದರಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಪಿಆರ್, ಅಂದರೆ ರಕ್ಷಿತ ರ‍್ಯಾಂಕ್. ಗಾಯದಿಂದ ಕನಿಷ್ಠ 6 ತಿಂಗಳು ಆಡದಿದ್ದವನಿಗೆ, ಗಾಯಗೊಂಡ ಮೊದಲ 3 ತಿಂಗಳ ಸರಾಸರಿ ರ‍್ಯಾಂಕ್ ಬಳಸಿ ಟೂರ್ನಿಗೆ ಸೇರಲು ಬಿಡುತ್ತಾರೆ. ಆದರೆ ಶ್ರೇಯಾಂಕಕ್ಕೆ, ಅಂದರೆ ಬಲಿಷ್ಠರು ಆರಂಭದಲ್ಲೇ ಪರಸ್ಪರ ಎದುರಾಗದಂತೆ ಡ್ರಾದಲ್ಲಿ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಕೊಡುವ ಸೀಡಿಂಗ್‌ಗೆ, ಅದು ಲೆಕ್ಕಕ್ಕಿಲ್ಲ. ಹೀಗಾಗಿ 200ರೊಳಗೆ ಆಡಿದ್ದವನೊಬ್ಬ ಶ್ರೇಯಾಂಕವಿಲ್ಲದೆ ಡ್ರಾದ ಯಾವುದೋ ಮೂಲೆಯಲ್ಲಿ ಕೂತಿರಬಹುದು, ಮೊದಲ ಸುತ್ತಿನಲ್ಲೇ ಅಗ್ರ ಶ್ರೇಯಾಂಕದವನಿಗೆ ಎದುರಾಗಲೂಬಹುದು. ಪಿಆರ್ ಕಂಡರೆ ಆ ಆಟಗಾರ ಮರಳಿ ಬಂದ ಮೇಲೆ ಎಷ್ಟು ಪಂದ್ಯ ಆಡಿದ್ದಾನೆ, ಎಷ್ಟನ್ನು ಅರ್ಧಕ್ಕೆ ಬಿಟ್ಟಿದ್ದಾನೆ ಎಂದು ನೋಡಿ. ಐದಾರು ಪಂದ್ಯ ಪೂರ್ತಿ ಆಡಿದ್ದರೆ ಅವನನ್ನು ಗಂಭೀರವಾಗಿ ತೆಗೆದುಕೊಳ್ಳಿ.

450ನೇ ರ‍್ಯಾಂಕ್‌ನವನೂ 700ನೇ ರ‍್ಯಾಂಕ್‌ನವನೂ ಎದುರಾದರೆ ಮೊದಲಿನವನೇ ಗೆಲ್ಲುತ್ತಾನೆ ಅನ್ನಬಹುದಲ್ಲವೇ? (ಮೆದೇಹಳ್ಳಿ ರಸ್ತೆ, ಚಿತ್ರದುರ್ಗ)

ಅನ್ನಬೇಡಿ. ಈ ಹಂತದಲ್ಲಿ ಸಂಖ್ಯೆಗಳ ಅಂತರ ದೊಡ್ಡದು, ಅಂಕಗಳ ಅಂತರ ಚಿಕ್ಕದು. ಎಂ15 ಗೆದ್ದರೆ 15 ಎಟಿಪಿ ಅಂಕ, ಫೈನಲ್ ಸೋತರೆ 8, ಸೆಮಿಫೈನಲ್‌ಗೆ 4, ಕ್ವಾರ್ಟರ್ ಫೈನಲ್‌ಗೆ 2, ಮೊದಲ ಸುತ್ತು ಗೆದ್ದು ನಿಂತರೆ 1. ಎಂ25ರಲ್ಲಿ ಇದೇ ಸಾಲು 25, 16, 8, 3, 1. ಮೊದಲ ಸುತ್ತಿನಲ್ಲೇ ಸೋತವನಿಗೆ ಸೊನ್ನೆ. 800ರ ಆಸುಪಾಸಿನವನೊಬ್ಬ ಒಂದು ಎಂ25 ಗೆದ್ದುಬಿಟ್ಟರೆ ಒಂದೇ ಏಟಿಗೆ ನೂರಕ್ಕೂ ಹೆಚ್ಚು ಸ್ಥಾನ ಮೇಲೇರುತ್ತಾನೆ.

ಹಾಗಾಗಿ ಅಂಕ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿಂದ ಬಂತು ಅನ್ನುವುದನ್ನು ಹುಡುಕಬೇಕು. ಇಬ್ಬರು ಆಟಗಾರರಿದ್ದಾರೆ, ಇಬ್ಬರ ಬಳಿಯೂ 20 ಅಂಕ ಎಂದು ಇಟ್ಟುಕೊಳ್ಳಿ. ಮೊದಲನೆಯವನು ಒಂದು ಎಂ15 ಪ್ರಶಸ್ತಿಯಿಂದ 15, ಒಂದು ಸೆಮಿಫೈನಲ್‌ನಿಂದ 4, ಮತ್ತೊಂದು ಕಡೆ 1 ಗಳಿಸಿದ್ದಾನೆ. ಎರಡನೆಯವನಿಗೆ ಒಂದು ಫೈನಲ್‌ನಿಂದ 8, ಐದು ಕ್ವಾರ್ಟರ್ ಫೈನಲ್‌ಗಳಿಂದ 10, ಎರಡು ಕಡೆ ಒಂದೊಂದು ಅಂಕ. ಮೊದಲನೆಯವನಿಗೆ ಒಂದು ವಾರ ಐದು ಪಂದ್ಯ ಸತತವಾಗಿ ಗೆಲ್ಲುವ ತಾಕತ್ತಿದೆ, ಆದರೆ ಉಳಿದ ವಾರ ಬೇಗ ಮನೆಗೆ ಹೋಗುತ್ತಾನೆ. ಎರಡನೆಯವನನ್ನು ಮೊದಲೆರಡು ಸುತ್ತಿನಲ್ಲಿ ಸೋಲಿಸುವುದು ಕಷ್ಟ. ಪ್ರಶಸ್ತಿ ಯಾರಿಗೆ ಎಂದು ಕೇಳಿದರೆ ನಾವು ಮೊದಲನೆಯವನ ಹೆಸರನ್ನೂ ಹೇಳುತ್ತೇವೆ. ಕ್ವಾರ್ಟರ್ ಫೈನಲ್‌ಗೆ ಯಾರು ಬರುತ್ತಾರೆ ಎಂದರೆ ಎರಡನೆಯವನನ್ನೇ ಹೆಸರಿಸುತ್ತೇವೆ.

ಅಂಕಗಳಿಗೆ ಆಯುಷ್ಯ 52 ವಾರ. ಆ 15 ಅಂಕ ಹನ್ನೊಂದು ತಿಂಗಳ ಹಿಂದಿನದಾದರೆ ಇಂದಿನ ಆಟದ ಬಗ್ಗೆ ಅದು ಏನೂ ಹೇಳುವುದಿಲ್ಲ. ಮುಂದಿನ ತಿಂಗಳು ಉದುರಿಹೋಗುವ ಅಂಕವನ್ನು ಉಳಿಸಿಕೊಳ್ಳುವ ಒತ್ತಡ ಮಾತ್ರ ಅವನ ಮೇಲಿರುತ್ತದೆ. ಇನ್ನು ಅಂಕಣ ಯಾವುದು ಅನ್ನುವುದು. ಟರ್ಕಿಯ ಅಂಟಾಲ್ಯದಲ್ಲಿ ಮಣ್ಣಿನ ಅಂಕಣದ ಮೇಲೆ ಗಳಿಸಿದ ಅಂಕವನ್ನು ನಮ್ಮ ಕಡೆಯ ಹಾರ್ಡ್ ಕೋರ್ಟ್‌ಗೆ ಅರ್ಧ ಬೆಲೆಗೆ ಎಣಿಸಿ. ಟ್ಯುನೀಷಿಯಾದ ಮೊನಾಸ್ಟಿರ್‌ನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಎಂ15 ನಡೆಯುತ್ತದೆ, ಅದು ಹಾರ್ಡ್ ಕೋರ್ಟ್. ಅಲ್ಲಿಂದ ಬಂದ ಅಂಕ ಇಲ್ಲಿಗೂ ಸಲ್ಲುತ್ತದೆ.

ರ‍್ಯಾಂಕ್ ಎಷ್ಟು ಮರೆಮಾಚುತ್ತದೆ ಎಂಬುದಕ್ಕೆ ಭಾರತದ ಆಟಗಾರ ಸುಮಿತ್ ನಗಾಲ್ ಸಾಕ್ಷಿ. 2017ರಲ್ಲೇ ಬೆಂಗಳೂರು ಚಾಲೆಂಜರ್ ಗೆದ್ದಿದ್ದವರು, ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ 2023ರ ಆರಂಭದಲ್ಲಿ 500ರ ಆಚೆಗಿದ್ದರು. 2024ರ ಜುಲೈನಲ್ಲಿ 68ನೇ ಸ್ಥಾನಕ್ಕೆ ಏರಿದರು. 2023ರ ಜನವರಿಯಲ್ಲಿ ಬರೀ ಸಂಖ್ಯೆ ನೋಡಿದವರಿಗೆ ಅವರು ಪಟ್ಟಿಯ ನಡುವಿನ ಒಂದು ಹೆಸರಷ್ಟೇ.

ಆದ್ದರಿಂದ ಪ್ರತಿಯೊಬ್ಬನ ಕೊನೆಯ 8-10 ಪಂದ್ಯಗಳ ಸ್ಕೋರು ತೆಗೆದು ನೋಡಿ, ಐಟಿಎಫ್ ವೆಬ್‌ಸೈಟ್‌ನಲ್ಲಿ ಆಟಗಾರನ ಪುಟದಲ್ಲೇ ಸಿಗುತ್ತದೆ. 7-6, 6-7, 7-6 ಎಂಬಂಥವೇ ಹೆಚ್ಚಿದ್ದರೆ ಅವನು ಸರ್ವ್ ನಂಬಿದವನು. ಎದುರಾಳಿಯ ಸರ್ವ್ ಮುರಿಯುವುದು ಅವನಿಗೆ ಕಷ್ಟ, ಒಂದೆರಡು ಪಾಯಿಂಟ್ ಆಚೀಚೆ ಆದರೂ ಫಲಿತಾಂಶ ತಿರುಗುತ್ತದೆ. 6-3, 6-4ರಂಥ ಗೆಲುವುಗಳು ಸಾಲಾಗಿದ್ದರೆ ಅದೇ ನಿಜವಾದ ಫಾರ್ಮ್. ಸ್ಕೋರಿನ ಮುಂದೆ ‘ರಿಟೈರ್ಡ್’ ಎಂದು ಎರಡು ಸಲ ಕಂಡರೆ ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಅಗ್ರ ಶ್ರೇಯಾಂಕದವನಿಗೆ ಅರ್ಹತಾ ಸುತ್ತಿನಿಂದ ಬಂದವನು ಸಿಕ್ಕರೆ ಸುಲಭದ ಡ್ರಾ ಅಲ್ಲವೇ? (ಹರಿಹರ)

ಕಾಗದದ ಮೇಲೆ ಹೌದು. ಡ್ರಾದಲ್ಲಿ 8 ಶ್ರೇಯಾಂಕಗಳಿರುತ್ತವೆ. ಒಂದನೆಯವನು ಮೊದಲ ಸಾಲಿನಲ್ಲಿ, ಎರಡನೆಯವನು 32ನೇ ಸಾಲಿನಲ್ಲಿ. ಮೂರು, ನಾಲ್ಕನೆಯವರು ಚೀಟಿ ಎತ್ತಿದಂತೆ 9 ಮತ್ತು 24ನೇ ಸಾಲಿಗೆ, ಉಳಿದ ನಾಲ್ವರು 8, 16, 17, 25ನೇ ಸಾಲುಗಳಿಗೆ. ಉಳಿದವರು ಎಲ್ಲಿ ಬೀಳುತ್ತಾರೆ ಅನ್ನುವುದು ಅದೃಷ್ಟ.

ಆದರೆ ಅರ್ಹತಾ ಸುತ್ತಿನಿಂದ ಬಂದವನು ಅದೇ ಅಂಕಣದಲ್ಲಿ, ಅದೇ ಚೆಂಡಿನಲ್ಲಿ ಆಗಲೇ ಎರಡು ಮೂರು ಪಂದ್ಯ ಗೆದ್ದಿರುತ್ತಾನೆ. ಪುಟಿತ ಎಷ್ಟು, ಯಾವ ತುದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂಬುದು ಅವನಿಗೆ ಗೊತ್ತು. ಶ್ರೇಯಾಂಕದವನು ಹಿಂದಿನ ವಾರದ ಟೂರ್ನಿ ಮುಗಿಸಿ ಭಾನುವಾರ ರಾತ್ರಿ ಬಸ್ಸೋ ರೈಲೋ ಹಿಡಿದು ಬಂದಿದ್ದರೆ ಮಂಗಳವಾರದ ಪಂದ್ಯ ಅವನಿಗೆ ಪರೀಕ್ಷೆಯೇ. ಮೊದಲ ಸೆಟ್‌ನ ಮೊದಲ ನಾಲ್ಕು ಗೇಮ್ ದಾಟಿಸಿದನೋ ಇಲ್ಲವೋ ನೋಡಿ. ಒಂದು ಎಚ್ಚರಿಕೆ: ಅರ್ಹತಾ ಸುತ್ತಿನಲ್ಲಿ ಮೂರನೇ ಸೆಟ್ ಬದಲು 10 ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್ ಇರುತ್ತದೆ. ಎರಡು ಪಂದ್ಯವನ್ನೂ 10-8ರಲ್ಲಿ ದಾಟಿ ಬಂದವನು, ಎರಡನ್ನೂ ನೇರ ಸೆಟ್‌ಗಳಲ್ಲಿ ಗೆದ್ದವನಿಗೆ ಸಮನಲ್ಲ.

ನಮ್ಮ ಕಡೆ ಗಾಳಿ, ಬಿಸಿಲು ಎರಡೂ ಜೋರು. ಯಾವ ಬಗೆಯ ಆಟಗಾರನಿಗೆ ಇದು ಒಗ್ಗುತ್ತದೆ? (ಹೊಸದುರ್ಗ)

ಬಹಳ ಮಂದಿ ಕೇಳದೆ ಬಿಡುವ ಪ್ರಶ್ನೆ ಇದು. ಸಮುದ್ರಮಟ್ಟದಿಂದ ದಾವಣಗೆರೆ ಸುಮಾರು 600 ಮೀಟರ್, ಚಿತ್ರದುರ್ಗ 700 ಮೀಟರ್‌ಗೂ ಮೇಲೆ, ಬೆಂಗಳೂರು ಸುಮಾರು 900 ಮೀಟರ್. ಚೆನ್ನೈಯಿಂದ ಬಂದವನಿಗೆ ಇಲ್ಲಿ ಚೆಂಡು ಕೊಂಚ ಹಾರುತ್ತದೆ ಅನಿಸುತ್ತದೆ, ಬೇಸ್‌ಲೈನ್ ಆಚೆ ಬೀಳುವ ಹೊಡೆತಗಳು ಮೊದಲ ದಿನ ಜಾಸ್ತಿ. ಬೆಂಗಳೂರಿನಲ್ಲಿ ಆಡಿ ಬಂದವನಿಗೆ ಅದೇ ಚೆಂಡು ತುಸು ನಿಧಾನ. ಎತ್ತರದ ಊರಿನ ವಿಶೇಷ ಚೆಂಡು ಬಳಸುವುದು 1,219 ಮೀಟರ್‌ಗಿಂತ ಮೇಲೆ ಮಾತ್ರ, ಇಲ್ಲಿ ಸಾಮಾನ್ಯ ಚೆಂಡೇ.

ಗಾಳಿಯ ವಿಷಯಕ್ಕೆ ಬಂದರೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬಯಲು ಅಂಕಣದಲ್ಲಿ ಗಾಳಿ ಎದ್ದರೆ ಮೊದಲು ಕೆಡುವುದು ಸರ್ವ್‌ಗೆ ಚೆಂಡು ಮೇಲೆಸೆಯುವ ಟಾಸ್. ಟಾಸ್ ಎತ್ತರಕ್ಕೆ ಎಸೆದು ಕಾಯುವವನ ಮೊದಲ ಸರ್ವ್ ತಪ್ಪತೊಡಗುತ್ತದೆ, ಎರಡನೇ ಸರ್ವ್ ಮೆತ್ತಗಾಗುತ್ತದೆ, ಎದುರಾಳಿ ಒಂದು ಹೆಜ್ಜೆ ಮುಂದೆ ಬಂದು ಹೊಡೆಯುತ್ತಾನೆ. ಟಾಸ್ ತಗ್ಗಾಗಿಟ್ಟು ಬೇಗ ಹೊಡೆಯುವವನು ಬಚಾವು. ನೆಟ್‌ಗೆ ಒರೆಸಿದಂತೆ ಚಪ್ಪಟೆಯಾಗಿ ಹೊಡೆಯುವವನಿಗಿಂತ, ನೆಟ್‌ನಿಂದ ಎರಡು ಮೂರು ಅಡಿ ಮೇಲೆ ಟಾಪ್‌ಸ್ಪಿನ್ ಹಾಕಿ ಕಳಿಸುವವನ ಮೇಲೆ ಭರವಸೆ ಇಡಬಹುದು. ಗಾಳಿಗೆ ಎದುರಾಗಿ ನಿಂತ ತುದಿಯಿಂದ ಡ್ರಾಪ್ ಶಾಟ್ ಚೆನ್ನಾಗಿ ನಿಲ್ಲುತ್ತದೆ, ಗಾಳಿಯ ಜೊತೆ ಹೊಡೆದರೆ ಅದು ಎದುರಾಳಿಯ ಬ್ಯಾಟಿಗೇ ಹೋಗಿ ಸೇರುತ್ತದೆ.

ಬಿಸಿಲಲ್ಲಿ ನೋಡಬೇಕಾದದ್ದು ಸ್ನಾಯು ಸೆಳೆತ. ಗಾಯಕ್ಕೆ ಮೂರು ನಿಮಿಷದ ವೈದ್ಯಕೀಯ ವಿರಾಮ ಸಿಗುತ್ತದೆ, ಸೆಳೆತಕ್ಕೆ ಸಿಗುವುದಿಲ್ಲ. ಆಟಗಾರರು ತುದಿ ಬದಲಿಸುವ 90 ಸೆಕೆಂಡಿನಲ್ಲಿ ಅಥವಾ ಸೆಟ್ ನಡುವಿನ ವಿರಾಮದಲ್ಲಿ ಮಾತ್ರ ಉಪಚಾರ. ಪಾಯಿಂಟ್‌ಗಳ ನಡುವೆ 25 ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ತಂಪು ದೇಶದಿಂದ ಮೊದಲ ವಾರ ಬಂದ ಆಟಗಾರ ಎರಡನೇ ಸೆಟ್ ಹೊತ್ತಿಗೆ ಸರ್ವ್ ಮುಗಿಸಿ ಮಂಡಿ ಮೇಲೆ ಕೈಯಿಟ್ಟು ಬಾಗಿದರೆ, ಮೂರನೇ ಸೆಟ್ ಎದುರಾಳಿಯದೇ ಅಂದುಕೊಳ್ಳಿ. ಇದೇ ಕಾರಣಕ್ಕೆ ಭಾರತದಲ್ಲಿ ಎರಡನೇ ಅಥವಾ ಮೂರನೇ ವಾರ ಆಡುತ್ತಿರುವ ವಿದೇಶಿ ಆಟಗಾರನಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಟೂರ್ನಿಯ ಫ್ಯಾಕ್ಟ್‌ಶೀಟ್‌ನಲ್ಲಿ ಅಂಕಣದ ಬಗೆ, ಚೆಂಡಿನ ಕಂಪನಿ ಎರಡೂ ಬರೆದಿರುತ್ತದೆ, ಮೊದಲು ಅದನ್ನು ಓದಿ.

ಡಬಲ್ಸ್ ಜೋಡಿಗಳನ್ನು ಮೊದಲೇ ಅಂದಾಜು ಮಾಡಬಹುದೇ? (ಕೆ.ಟಿ.ಜೆ. ನಗರ, ದಾವಣಗೆರೆ)

ಕಷ್ಟ. 16 ಜೋಡಿಗಳಲ್ಲಿ ಹಲವು ಕೊನೆಯ ಗಳಿಗೆಯಲ್ಲಿ ಕೂಡಿಕೊಂಡವು. ಗೇಮ್ 40-40 ಆದರೆ ಒಂದೇ ಪಾಯಿಂಟ್‌ಗೆ ತೀರ್ಮಾನ, ಮೂರನೇ ಸೆಟ್ ಬದಲು 10 ಪಾಯಿಂಟ್ ಟೈಬ್ರೇಕ್. ಹಾಗಾಗಿ ಏರುಪೇರು ಹೆಚ್ಚು. ಹಿಂದಿನ ಎರಡು ಮೂರು ವಾರ ಒಟ್ಟಿಗೆ ಆಡಿದ ಜೋಡಿಯನ್ನು ಹುಡುಕಿ, ಅದೊಂದೇ ಗಟ್ಟಿ ಸುಳಿವು. ಡಬಲ್ಸ್ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದ್ದು ಇದೇ ಆಟದಲ್ಲಿ.

ನನ್ನ ಅಣ್ಣನ ಮಗನಿಗೆ 16. ರಾಜ್ಯಮಟ್ಟದಲ್ಲಿ ಆಡುತ್ತಾನೆ. ಇಂಥ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಆಡಿಸಬಹುದೇ? (ಜಗಳೂರು)

ವಯಸ್ಸಿನ ತೊಂದರೆ ಇಲ್ಲ, 14 ತುಂಬಿದ್ದರೆ ಸಾಕು. ಮೊದಲು ಐಟಿಎಫ್‌ನ ಐಪಿನ್ (ಆಟಗಾರನ ಗುರುತಿನ ಸಂಖ್ಯೆ) ನೋಂದಣಿ ಮಾಡಿಸಿ, ಅದಿಲ್ಲದೆ ಹೆಸರು ಕೊಡಲು ಬರುವುದಿಲ್ಲ. ಎಟಿಪಿ, ಐಟಿಎಫ್ ರ‍್ಯಾಂಕ್ ಇಲ್ಲದಿದ್ದರೆ ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ಪುರುಷರ ವಿಭಾಗದ ರ‍್ಯಾಂಕ್ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹುಡುಗನನ್ನು ಅಂಡರ್-18ರ ಜೊತೆಗೆ ಪುರುಷರ ರಾಷ್ಟ್ರೀಯ ಟೂರ್ನಿಗಳಲ್ಲೂ ಆಡಿಸಿ. ಅರ್ಹತಾ ಸುತ್ತಿಗೂ ವೈಲ್ಡ್ ಕಾರ್ಡ್‌ಗಳಿವೆ. ರಾಜ್ಯ ಸಂಸ್ಥೆಗೆ ಇತ್ತೀಚಿನ ಫಲಿತಾಂಶಗಳ ಸಮೇತ ಮುಂಚಿತವಾಗಿ ಬರೆಯಿರಿ, ಟೂರ್ನಿ ಹತ್ತಿರ ಬಂದಾಗ ಕೇಳಿದರೆ ಕಾಲ ಮಿಂಚಿರುತ್ತದೆ. ಅರ್ಹತಾ ಸುತ್ತಿನ ಗೆಲುವಿಗೆ ಎಟಿಪಿ ಅಂಕವಿಲ್ಲ, ಹಣವೂ ಇಲ್ಲ. ಆದರೂ ಆಡಿಸಿ. 600ನೇ ರ‍್ಯಾಂಕ್‌ನವನ ಎರಡನೇ ಸರ್ವ್ ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಎಂಬುದನ್ನು ಯಾವ ತರಬೇತಿ ಶಿಬಿರವೂ ಹೇಳಿಕೊಡಲಾರದು.

ಗೆದ್ದವನಿಗೆ ಸಿಗುವುದೆಷ್ಟು? (ನಿಟುವಳ್ಳಿ, ದಾವಣಗೆರೆ)

ಎಂ15ರ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ವಿಜೇತನಿಗೆ 2,160, ರನ್ನರ್ ಅಪ್‌ಗೆ 1,272, ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್, ಅದೂ ತೆರಿಗೆ ಕಳೆಯುವ ಮೊದಲು. ಎಂ25ರ ಒಟ್ಟು ಮೊತ್ತ 2025ರಿಂದ 30,000 ಡಾಲರ್ ಆಗಿದೆ. ಪ್ರಯಾಣ, ಕೋಚ್, ರ‍್ಯಾಕೆಟ್ ಬಿಗಿಸುವ ಖರ್ಚು ಎಲ್ಲ ಇದರಲ್ಲೇ. ಆಟಗಾರರು ಹತ್ತಿರ ಹತ್ತಿರದ ಊರುಗಳಲ್ಲಿ ಎರಡು ಮೂರು ವಾರ ಸಾಲಾಗಿ ಆಡಲು ನೋಡುವುದು ಖರ್ಚು ಉಳಿಸಲಿಕ್ಕೆ. ಹಾಗಾಗಿ ನಮ್ಮ ಟೂರ್ನಿಯ ಹಿಂದಿನ ವಾರ ಎಲ್ಲಿ ನಡೆಯುತ್ತಿದೆ ಎಂದು ತಿಳಿದರೆ, ಇಲ್ಲಿಗೆ ಖಂಡಿತ ಬರುವವರು ಯಾರೆಂದೂ ಅರ್ಧ ತಿಳಿದ ಹಾಗೆ.

ನಾನು ಟೂರ್ನಿಯಲ್ಲಿ ಸ್ವಯಂಸೇವಕ. ಒಬ್ಬ ಆಟಗಾರ ಅಭ್ಯಾಸದಲ್ಲಿ ಕಾಲು ಉಳುಕಿಸಿಕೊಂಡದ್ದನ್ನು ಕಂಡರೆ ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ? (ಎಂಸಿಸಿ ಬಿ ಬ್ಲಾಕ್, ದಾವಣಗೆರೆ)

ಖಂಡಿತ ಬೇಡ. ಹೊರಗಿನವರಿಗೆ ತಿಳಿಯದ ಗಾಯದ ಸುದ್ದಿ ಬಾಜಿ ಕಟ್ಟುವವರ ಕೈಗೆ ಸಿಕ್ಕರೆ ಅದು ಅವರಿಗೆ ಬಂಡವಾಳ. ಟೆನಿಸ್‌ನ ಭ್ರಷ್ಟಾಚಾರ ನಿಗ್ರಹ ನಿಯಮಗಳು ಆಟಗಾರರಷ್ಟೇ ಅಲ್ಲ, ಕೋಚ್‌ಗಳು, ಟೂರ್ನಿಯ ಕೆಲಸಗಾರರಿಗೂ ಅನ್ವಯ. ಅಪರಿಚಿತರು ಬಂದು ‘ಯಾರಿಗೆ ಹುಷಾರಿಲ್ಲ’ ಎಂದು ಕೇಳಿದರೆ ಉತ್ತರಿಸದೆ ಟೂರ್ನಿಯ ಸೂಪರ್‌ವೈಸರ್‌ಗೆ ಆ ಕ್ಷಣವೇ ತಿಳಿಸಿ. ಪ್ರೇಕ್ಷಕರ ನಡುವೆ ಕೂತು ಪ್ರತಿ ಪಾಯಿಂಟ್‌ಗೂ ಫೋನ್‌ನಲ್ಲಿ ಬೆರಳಾಡಿಸುವವರು ಕಂಡರೂ ಹಾಗೇ ಮಾಡಿ.